ಎರಡು ಸಲ ಕಟ್ಟಿದ ಗೊಬ್ಬರದ ಬಿಲ್ಲು: ಕಲಂ 72ರಲ್ಲಿ ವಾಪಸ್ ಪಡೆದ ಬಗೆ

ಅಂಗಡಿಯ ಖಾತೆಗೆ ಹೋದ ದುಡ್ಡು ಸರಕಾಗಿ ಬಂದೀತು, ನಗದಾಗಿ ಬಾರದು ಎಂದು ವಿರಾಜಪೇಟೆಯ ವಕೀಲ ಮಿತ್ರರು ಹೇಳುತ್ತಿದ್ದರು. ನಗದಾಗಿಯೇ ಬಂತು, ಬಡ್ಡಿಯೂ ಬಂತು.

ಕಾಫಿ ತೋಟ ಅಣ್ಣ ತಮ್ಮಂದಿರ ಜಂಟಿ. ಗೊಬ್ಬರದ ಬಿಲ್ಲು ಸುಮಾರು 2,60,000. ಅಣ್ಣ ಚೆಕ್ಕಿನಲ್ಲಿ ಕೊಟ್ಟಿದ್ದರು. ಅದು ಗೊತ್ತಿಲ್ಲದ ಕಿರಿಯವರು ಸ್ವಂತ ಖಾತೆಯಿಂದ ಅದೇ ಬಿಲ್ಲಿಗೆ ಆರ್‌ಟಿಜಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಮಾಡಿದರು. 1872ರ ಕರಾರು ಕಾಯ್ದೆಯ ಕಲಂ 72ರ ಮೊದಲ ದೃಷ್ಟಾಂತ ಇದೇ: ಜಂಟಿಯಾಗಿ 100 ರೂಪಾಯಿ ಕೊಡಬೇಕಾದ ಇಬ್ಬರಲ್ಲಿ ಒಬ್ಬ ಕೊಟ್ಟಾಗಿದೆ, ಅರಿಯದೆ ಇನ್ನೊಬ್ಬ ಮತ್ತೆ ಕೊಟ್ಟರೆ ಪಡೆದವನು ಆ ಎರಡನೆಯವನಿಗೆ ಹಿಂತಿರುಗಿಸಬೇಕು.

ದುಡ್ಡು ವಾಪಸ್ ಕೇಳಿ ಅಂಗಡಿಗೆ ಕಳಿಸಿದ ಮೊದಲ ನೋಟಿಸ್ ಕೆಟ್ಟಿತು. ಅದು ಹೋದದ್ದು ಅಣ್ಣನ ಹೆಸರಿನಲ್ಲಿ. ತಪ್ಪಿ ಕಟ್ಟಿದವರು ಕಿರಿಯವರು. ಅದರಲ್ಲಿ ‘ಮುಂಗಡ’ ಎಂಬ ಪದವೂ ಇತ್ತು. ಅಷ್ಟನ್ನೇ ಹಿಡಿದು ಅಂಗಡಿಯವರು ‘ಮುಂಗಡವಾದರೆ ಸರಕು ಒಯ್ಯಿರಿ’ ಎಂದು ಉತ್ತರಿಸಿದರು. ಬಡ್ಡಿ ಕೇಳುತ್ತೇವೆಂದೂ ಬರೆದಿರಲಿಲ್ಲ. 1978ರ ಬಡ್ಡಿ ಕಾಯ್ದೆಯ ಕಲಂ 3ರಂತೆ ಇಂಥ ಹಣಕ್ಕೆ ಬಡ್ಡಿ ಓಡುವುದು ಹಾಗೆ ಬರೆದುಕೊಟ್ಟ ನೋಟಿಸಿನಲ್ಲಿ ಹೇಳಿದ ದಿನದಿಂದ. ಹತ್ತು ತಿಂಗಳ ಬಡ್ಡಿ, ಹದಿಮೂರು ಸಾವಿರದಷ್ಟು, ಅಲ್ಲೇ ಹೋಯಿತು.

ಎರಡನೆಯ ನೋಟಿಸಿಗೆ ಮೊದಲು ಮಾರ್ಚಿಯಲ್ಲಿ ಆಡಿಟರ್ ಮೂಲಕ ಅಂಗಡಿಗೆ ಬಾಕಿ ದೃಢೀಕರಣ ಪತ್ರ (ಲೆಕ್ಕದಲ್ಲಿ ಇಷ್ಟು ಬಾಕಿ ಇದೆ ಎಂದು ಒಪ್ಪಿ ಸಹಿ ಹಾಕುವ ಕಾಗದ) ಕಳಿಸಿದ್ದೇ ಗೆಲುವಿನ ಬುಡ. ಲೆಕ್ಕಪತ್ರದ ಮಾಮೂಲಿ ಕಾಗದವಾದ್ದರಿಂದ ಸೀಲು, ಸಹಿ ಬೀಳುತ್ತದೆ. ಬರೀ ಮೊತ್ತ ಬರೆದರೆ ಸಾಲದು. ಚೆಕ್ ನಂಬರು, ಯುಟಿಆರ್ ನಂಬರು (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ), ಬಿಲ್ ನಂಬರು ಮೂರೂ ಇರಬೇಕು. ದಾವೆಗೆ ಇರುವ ಮೂರು ವರ್ಷ ತುಂಬುವ ಮೊದಲು ಬಿದ್ದ ಸಹಿ ಕಾಲಮಿತಿ ಕಾಯ್ದೆಯ ಕಲಂ 18ಕ್ಕೂ ಒದಗುತ್ತದೆ: ಬರೆದು ಒಪ್ಪಿದ ದಿನದಿಂದ ಕಾಲ ಹೊಸದಾಗಿ ಶುರು. ತಪ್ಪು ಗೊತ್ತಾದ ದಿನದಿಂದ ಕಾಲ ಎಣಿಸುವ ಕಲಂ 17ರ ಆಸರೆಗೆ ಆ ತಾರೀಖನ್ನು ವಾದಪತ್ರದಲ್ಲಿ ಬೇರೆ ಪ್ಯಾರಾ ಮಾಡಿ ಹೇಳಿ.

‘ನೋಡಿಕೊಂಡು ಕಟ್ಟಬೇಕಿತ್ತು’ ಎಂಬ ವಾದ ಬಂದೇ ಬರುತ್ತದೆ. ಕಲಂ 72ರಲ್ಲಿ ಇರುವುದು ‘ತಪ್ಪಿನಿಂದ’ ಎಂಬ ಮಾತು. ಎಚ್ಚರ ವಹಿಸಿದ್ದನೇ ಎಂದು ಅದು ಕೇಳುವುದಿಲ್ಲ. ‘ದುಡ್ಡು ಖರ್ಚಾಗಿದೆ’ ಎಂಬುದಕ್ಕೆ ಕನ್ಹಯ್ಯಾಲಾಲ್ ಸರಾಫ್ ಪ್ರಕರಣದ 1958ರ ಸುಪ್ರೀಂ ಕೋರ್ಟ್ ತೀರ್ಪು ಸಾಕು. ಕಾನೂನಿನ ತಪ್ಪು ತಿಳಿವಳಿಕೆಯೂ ‘ತಪ್ಪು’ ಎಂದದ್ದು ಅದೇ ತೀರ್ಪು. ಅಣ್ಣನ ಇನ್ನೊಂದು ತೋಟದ ಎಪ್ಪತ್ತು ಸಾವಿರ ಹಳೆ ಬಾಕಿಗೆ ಅಂಗಡಿಯವರು ವಜಾ ಹಾಕಲು, ಅಂದರೆ ಈ ಹಣದಲ್ಲೇ ಮುರಿದುಕೊಳ್ಳಲು, ನೋಡಿದರು. ವಾದಿ ಕಿರಿಯವರು, ಸಾಲ ಅವರದಲ್ಲ, ವಜಾ ನಿಲ್ಲಲಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟನ್ನು ಮೊಬೈಲಿನಿಂದ ಪ್ರಿಂಟ್ ತೆಗೆದು ಕೊಡಬೇಡಿ. 1891ರ ಬ್ಯಾಂಕರ ಪುಸ್ತಕಗಳ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರದೊಂದಿಗೆ ಶಾಖೆಯಿಂದಲೇ ತೆಗೆದುಕೊಳ್ಳಿ. ವಾಟ್ಸಾಪ್ ಸಂದೇಶ ಹಾಜರುಪಡಿಸುವುದಾದರೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದ ನಮೂನೆ. ಭಾಗ ಎ, ಭಾಗ ಬಿ ಎರಡೂ ಬೇಕು, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ಸಮೇತ.

ವ್ಯಾಪಾರದ ವ್ಯಾಜ್ಯವಾದರೆ ಇನ್ನೊಂದು ಲೆಕ್ಕ: ದಾವೆ ಹಾಕುವ ದಿನಕ್ಕೆ ಅಸಲು, ಬಡ್ಡಿ ಸೇರಿ 3 ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯದ ದಾರಿ, ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲೇ ಮಧ್ಯಸ್ಥಿಕೆ. ನಮ್ಮ ಮೊತ್ತ 3 ಲಕ್ಷದ ಒಳಗೇ ಇದ್ದದ್ದರಿಂದ ತಿಂಗಳುಗಳು ಉಳಿದವು.

ಇದೇ ಕಲಂ ಹಿಡಿದು ಹೆಚ್ಚು ಕಟ್ಟಿದ ಜಿಎಸ್‌ಟಿ ಕೇಳಿ ನೋಡಿದ್ದೂ ಉಂಟು. ಕೂಡಲಿಲ್ಲ. ಸುಪ್ರೀಂ ಕೋರ್ಟಿನ ಮಫತ್‌ಲಾಲ್ ತೀರ್ಪಿನ ನಂತರ ತೆರಿಗೆಗೆ ಆಯಾ ಕಾಯ್ದೆಯ ಮರುಪಾವತಿ ಅರ್ಜಿಯೇ ದಾರಿ, ಭಾರವನ್ನು ಗಿರಾಕಿಯ ಮೇಲೆ ದಾಟಿಸಿಲ್ಲ ಎಂದೂ ತೋರಿಸಬೇಕು.

ಅಂಗಡಿಯ ಲೆಡ್ಜರ್ ಬರೆದವರ ಪಾಟೀಸವಾಲಿನಲ್ಲಿ ಯಾವ ಪ್ರಶ್ನೆ ಮೊದಲು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಾದ ಮೇಲೆ ಮಡಿಕೇರಿಯ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು: ಅಸಲು ಪೂರ್ತಿ, ಎರಡನೆಯ ನೋಟಿಸಿನಿಂದ ನೂರಕ್ಕೆ 6ರ ಬಡ್ಡಿ, ಎರಡು ಡಿಡಿ. ಹದಿನೆಂಟು ಸಾವಿರದ ಆಸುಪಾಸಿನ ಕೋರ್ಟ್ ಫೀಯೂ ವಾಪಸ್ ಬಂತು.