ಹುಳು ಮನೆಯಲ್ಲಿ ತುಳಸಿ

ಹೋದ ಯುಗಾದಿ ಕಳೆದು ಒಂದು ವಾರ ಆಗಿತ್ತು. ಬೆಳಗ್ಗೆ ಒಣ ಎಲೆ ತುಂಬಿದ ಡ್ರಮ್ಮಿನ ಮುಚ್ಚಳ ತೆಗೆದಿದ್ದೆ. ಪಕ್ಕದ ಹೊಲದ ಅಣ್ಣ ಬಂದು ಬಗ್ಗಿ ಮೂಸಿದ. "ಲವಂಗ ಬೆರೆಸಿದ್ದೀಯೇನೋ?" ಅಂದ. ಇಲ್ಲಣ್ಣ, ಬರೀ ತುಳಸಿ ಅಂದೆ. ನಂಬಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ಮತ್ತೆ ಮೂಸಿದ. ಎರಡು ವರ್ಷದ ಹಿಂದೆ ಇದೇ ಅಣ್ಣ ಚಾ ಅಂಗಡಿ ಮುಂದೆ ನಾಲ್ಕು ಜನರ ಎದುರು ನಕ್ಕಿದ್ದ. "ತುಳಸಿ ಒಣಗಿಸೋಕೂ ಒಂದು ಮನೆ ಬೇಕೇನಯ್ಯಾ? ಬಂಡೆ ಮೇಲೆ ಹರಡು, ಸಾಯಂಕಾಲಕ್ಕೆ ಒಣಗುತ್ತೆ" ಅಂದಿದ್ದ.

ಸಾಯಂಕಾಲಕ್ಕೆ ಒಣಗುತ್ತೆ, ನಿಜ. ತೊಂದರೆ ಇರೋದೇ ಅಲ್ಲಿ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಇಲ್ಲಿ ಯಾರ ಜಗಲಿಯಲ್ಲಿ ಕೂತರೂ ಹಿಪ್ಪುನೇರಳೆ, ರೇಷ್ಮೆ ಹುಳು, ಗೂಡಿನ ರೇಟು, ಇಷ್ಟೇ ಮಾತು. ನಾನೂ ಹನ್ನೆರಡು ವರ್ಷ ಹುಳು ಸಾಕಿದವನೇ. ಬೋರು 1,200 ಅಡಿ ದಾಟಿ ನೀರು ಒಂದಿಂಚಿಗೆ ಇಳಿದ ಮೇಲೆ ಹುಳು ಬಿಟ್ಟೆ. ಒಂದು ಎಕರೆ ಹಿಪ್ಪುನೇರಳೆಯಲ್ಲಿ ಅರ್ಧ ಕಿತ್ತು, ಉಳಿದ ಅರ್ಧದ ಸೊಪ್ಪು ಮಾರುತ್ತಾ ಬಂದೆ. ಕಿತ್ತ 20 ಗುಂಟೆಗೆ ತುಳಸಿ ಹಾಕಿದೆ. ಹಳೇ ಡ್ರಿಪ್ ಪೈಪು ಹಾಗೇ ಇತ್ತು, ಅದನ್ನೇ ಬಳಸಿಕೊಂಡೆ.

ಬೆಳೆಸೋದರ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆ ಗೊತ್ತಿರೋದೇ. ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಸಿಮ್ಯಾಪ್ (ಔಷಧಿ, ಸುಗಂಧ ಗಿಡಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೆ ಹೋಗಿ ಸಿಮ್-ಆಯು ತುಳಸಿ ಬಗ್ಗೆ ಕೇಳಿಕೊಂಡು ಬಂದಿದ್ದೆ. ಘಮ ಕೊಡೋ ಯೂಜಿನಾಲ್ ಅನ್ನೋ ಎಣ್ಣೆ ಅಂಶ ಜಾಸ್ತಿ ಇರುವ ತಳಿ ಅದು. ಕೊನೆಗೆ ಅರ್ಧ ಅದು, ಅರ್ಧ ಅಮ್ಮನ ತುಳಸಿ ಕಟ್ಟೆಯ ಬೀಜ. ಮರಳಲ್ಲಿ ಬೆರೆಸಿ ಉದುರಿಸದಿದ್ದರೆ ಆ ಬೀಜ ಒಂದೇ ಕಡೆ ಗುಡ್ಡೆ ಬೀಳುತ್ತೆ. ಡಿಸೆಂಬರಲ್ಲಿ ಸುಮಾರು ಎಂಟೂವರೆ ಸಾವಿರ ಸಸಿ ನಾಟಿ, 85-90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 65-70 ದಿನಕ್ಕೊಂದು. ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ನೀರು ನಿಲ್ಲಿಸುತ್ತೇನೆ. ಇಬ್ಬನಿ ಆರಿದ ಮೇಲೆ, ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ಯೋದು.

ಒಂದು ಜಗಳ ಮಾತ್ರ ಹೇಳಲೇಬೇಕು. ಎಲೆ ಕೆಳಗೆ ಕಪ್ಪು ಚುಕ್ಕೆ ಬಿಡುವ ಸಣ್ಣ ತಿಗಣೆ ಬಂತು. ಎಲೆ ಸುಟ್ಟ ಹಾಗೆ ಆಗುತ್ತೆ ಅಲ್ವಾ, ಅದೇ. ಬೇವಿನ ಎಣ್ಣೆ ಹೊಡೆಯೋಣ ಅಂತ ಪಂಪು ಹೆಗಲಿಗೆ ಹಾಕಿದೆ. ಅಣ್ಣ ಬದುವಿನ ಆ ಕಡೆಯಿಂದ ಕೂಗಾಡಿದ. ಅವನದು ಹಿಪ್ಪುನೇರಳೆ, ನಾಲ್ಕನೇ ಜ್ವರದಲ್ಲಿದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಡುತ್ತಿದ್ದ ಹುಳು. ಬೇವು ಗಾಳಿಗೆ ಹಾರಿ ಸೊಪ್ಪಿಗೆ ಬಿದ್ದರೆ ಹುಳುಗಳ ಕತೆ ಮುಗೀತು. ತಪ್ಪು ನನ್ನದೇ, ಹನ್ನೆರಡು ವರ್ಷ ಹುಳು ಸಾಕಿದವನಿಗೆ ಅಷ್ಟು ನೆನಪಿರಬೇಡವೇ. ಆವತ್ತಿಂದ ಬೇವು ಬಿಟ್ಟೆ. ಬೆಳಗ್ಗೆ ಪೈಪಲ್ಲಿ ನೀರನ್ನು ಜೋರಾಗಿ ಎಲೆಯ ಕೆಳಗೆ ಹೊಡೆಯುತ್ತೇನೆ, ತೀರಾ ಹಿಡಿದ ಗಿಡಗಳ ತುದಿ ಚಿವುಟಿ ಸುಡುತ್ತೇನೆ. ಪೂರ್ತಿ ಹೋಗಲ್ಲ, ಆದರೆ ಕೊಯ್ಲು ಮುಗಿಯೋವರೆಗೆ ತಡೆಯುತ್ತೆ.

ಇನ್ನು ಅಮ್ಮ. ಮಂಗಳವಾರ, ಶುಕ್ರವಾರ, ಏಕಾದಶಿ, ದ್ವಾದಶಿ ತುಳಸಿಗೆ ಕುಡುಗೋಲು ಹಾಕೋ ಹಾಗಿಲ್ಲ. ಸೂರ್ಯ ಮುಳುಗಿದ ಮೇಲಂತೂ ಮುಟ್ಟಲೇಬಾರದು. ಕೂಲಿಯವರನ್ನ ಹೊಂದಿಸೋವಾಗ ಇದೊಂದು ದೊಡ್ಡ ಲೆಕ್ಕ. ಮೊದಲು ಸಿಟ್ಟು ಬರ್ತಿತ್ತು. ಆಮೇಲೆ ಕೊಯ್ಲನ್ನೇ ಮೂರು ಭಾಗ ಮಾಡಿಕೊಂಡೆ, ಅದು ಒಣಗಿಸೋದಕ್ಕೂ ಅನುಕೂಲ ಆಯ್ತು.

ಮೊದಲ ವರ್ಷ ಮೂರು ಕೊಯ್ಲು, ಮೂರೂ ಹಾಳು. ಮಾರ್ಚಿನದ್ದನ್ನು ತಾರಸಿ ಮೇಲೆ ಬಿಸಿಲಿಗೆ ಹರಡಿದೆ. ಎರಡನೇ ದಿನಕ್ಕೆ ಎಲೆ ಕಪ್ಪಗೆ ಕರಕಲು. ಮೂಸಿದರೆ ಒಣ ಹುಲ್ಲು. ಬೆಂಗಳೂರಿನ ವ್ಯಾಪಾರಿಯೊಬ್ಬ ಕೈಯಲ್ಲಿ ಉಜ್ಜಿ ನೋಡಿ ಕೆಜಿಗೆ 60 ರೂಪಾಯಿ ಅಂದ. ಸುಮಾರು 100 ಕೆಜಿ ಕೊಟ್ಟು ಬಂದೆ.

ಮೇ ತಿಂಗಳದ್ದನ್ನು ಹುಣಸೆ ಮರದ ನೆರಳಲ್ಲಿ ಟಾರ್ಪಾಲಿನ ಮೇಲೆ ಹಾಕಿದೆ. ಬಣ್ಣ ಚೆನ್ನಾಗಿ ಉಳಿಯಿತು. ಒಂದೂವರೆ ದಿನಕ್ಕೆ ಎಲೆ ಗರಿಗರಿ, ಹಪ್ಪಳದ ಹಾಗೆ. ಖುಷಿಯಾಗಿ ಒಳಗೆ ಪ್ಲಾಸ್ಟಿಕ್ ಇರೋ ಚೀಲಕ್ಕೆ ತುಂಬಿ ಬಾಯಿ ಹೊಲಿದೆ. ಹತ್ತು ದಿನಕ್ಕೆ ಬಿಚ್ಚಿದರೆ ಮೇಲೆ ಎಲ್ಲಾ ಸರಿ, ನಡುವೆ ಕೈ ಹಾಕಿದರೆ ಬೆಚ್ಚಗೆ. ಬಿಳೀ ಬೂಷ್ಟು. ಎಲೆ ಒಣಗಿತ್ತು, ಕದಿರಿನ (ಹೂತೆನೆಯ) ದಂಟು, ಸಣ್ಣ ಕಡ್ಡಿ ಒಳಗೆ ಹಸಿ ಇತ್ತು. ಚೀಲದೊಳಗೆ ಆ ಹಸಿಯೆಲ್ಲಾ ಎಲೆಗೆ ವಾಪಸ್ ಬಂದಿದೆ. 90 ಕೆಜಿಯಲ್ಲಿ 55-60 ಕೆಜಿ ತಿಪ್ಪೆಗೆ ಹೋಯ್ತು.

ಆ ಚೀಲದ ಮುಂದೆ ಕೂತಾಗಲೇ ಹೊಳೆದಿದ್ದು. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ 36-37 ಡಿಗ್ರಿ, ಗಾಳಿಯ ತೇವ ಶೇಕಡ 20-25ಕ್ಕೆ ಇಳಿಯುತ್ತೆ. ಆ ಗಾಳಿ ಎಲೆಯನ್ನು ಹೊರಗಿಂದ ಹುರಿದುಬಿಡುತ್ತೆ, ಒಳಗಿನ ನೀರಿಗೆ ಹೊರಗೆ ಬರೋಕೆ ಸಮಯವೇ ಸಿಗಲ್ಲ. ಮಲೆನಾಡಿನವರಿಗೆ ಬೇಗ ಒಣಗಿಸೋ ಚಿಂತೆ. ನಮಗೆ ತಡ ಮಾಡಿ ಒಣಗಿಸೋ ಚಿಂತೆ. ಬೇಸಿಗೆಯಲ್ಲಿ ತಂಪು, ತೇವ ಹಿಡಿದಿಡೋದು ನಮ್ಮೂರಿನ ಯಾರಿಗೆ ಗೊತ್ತಿಲ್ಲ ಹೇಳಿ? ಹುಳು ಮನೆ ಕಟ್ಟಿರೋದೇ ಅದಕ್ಕೆ. ನನ್ನದು ಖಾಲಿ ಬಿದ್ದಿತ್ತು. 20 ಅಡಿಗೆ 30 ಅಡಿ, ಮೇಲೆ ಶೀಟು, ಶೀಟಿನ ಮೇಲೆ ತೆಂಗಿನ ಗರಿ.

ಮೂರನೇ ಕೊಯ್ಲನ್ನು ಸಡಗರದಿಂದ ಅಲ್ಲಿಗೆ ಸಾಗಿಸಿದೆ. ಒಣಗಿದ್ದು ಬಂಗಾರದ ಹಾಗೆ. ಕಳಿಸಿದ 70 ಕೆಜಿ ಇದ್ದಕ್ಕಿದ್ದಂತೆ ವಾಪಸ್ ಬಂತು. ಕಾರಣ ಬ್ಲೀಚಿಂಗ್ ಪೌಡರ್. ಪ್ರತಿ ಹುಳು ಬೆಳೆಗೂ ಸುಣ್ಣ, ಬ್ಲೀಚಿಂಗ್ ಹಾಕಿ ತೊಳೆದ ಗೋಡೆ, ಸ್ಟ್ಯಾಂಡು ಎಲ್ಲಾ ಅದನ್ನು ಕುಡಿದಿತ್ತು. ನನ್ನ ಮೂಗಿಗೆ ಅಭ್ಯಾಸ, ವಾಸನೆ ಗೊತ್ತೇ ಆಗಿರಲಿಲ್ಲ. ಹೋಗೋ ಬರೋ ಲಾರಿ ಬಾಡಿಗೆಯೂ ನನ್ನ ತಲೆ ಮೇಲೆ. ಆ ವರ್ಷ 35,000ಕ್ಕೂ ಜಾಸ್ತಿ ಕೈಬಿಟ್ಟಿತು. ನಮ್ಮನೆಯವಳು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಎರಡನೇ ವರ್ಷ ಡಿಸೆಂಬರಿಂದಲೇ ಮನೆ ತೊಳೆಯೋಕೆ ಶುರು ಮಾಡಿದೆ. ಬರೀ ನೀರು, ಆರು ಸಲ. ಗೋಡೆಗೆ ಸೆಗಣಿ, ಮಣ್ಣಿನ ಸಾರಣೆ. ಹಳೇ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟೋ ಬಿದಿರಿನ ತಟ್ಟೆಗಳನ್ನು, ಕೆರೆಯಲ್ಲಿ ನೆನೆಹಾಕಿ ಒಂದು ತಿಂಗಳು ಬಿಸಿಲಿಗೆ ಬಿಟ್ಟೆ. ಆಮೇಲೆ ಹೊರಗಿನವರನ್ನ ಕರೆದು ಮೂಸಿಸಿದೆ, ನನ್ನ ಮೂಗನ್ನು ನಂಬಲಿಲ್ಲ.

ಒಂದು ಭಾಗಕ್ಕೆ ಹೆಚ್ಚೆಂದರೆ 300 ಕೆಜಿ ಹಸಿ. ಕಡ್ಡಿ ಸಮೇತ ಸಣ್ಣ ಸಣ್ಣ ಕಟ್ಟು ಕಟ್ಟಿ ತಂತಿಗೆ ತಲೆಕೆಳಗಾಗಿ ತೂಗುಹಾಕೋದು. ಎಲೆ ಬಿಡಿಸಬೇಡಿ. ಕಡ್ಡಿಯಲ್ಲಿರೋ ನೀರು ನಿಧಾನಕ್ಕೆ ಎಲೆಗೆ ಬರ್ತಾ ಇರುತ್ತೆ, ಎಲೆ ಒಮ್ಮೆಗೇ ಗರಿಗರಿ ಆಗಲ್ಲ. ದಪ್ಪ ಕದಿರನ್ನು ಮಾತ್ರ ಬೇರೆ ಮಾಡಿ ಚಂದ್ರಿಕೆ ಮೇಲೆ ಹರಡುತ್ತೇನೆ. ಹಣ್ಣಾದ ಹುಳು ಬಿಡೋ ಆ ಬಿದಿರಿನ ಸುರುಳಿಗಳ ನಡುವೆ ಕದಿರು ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ, ಕೆಳಗಿಂದಲೂ ಗಾಳಿ ಆಡುತ್ತೆ.

ಹಗಲು ಕಿಟಕಿ ಮುಚ್ಚಿ, ಹೊರಗಡೆ ಒದ್ದೆ ಗೋಣಿ. ಮೊದಲ ನಾಲ್ಕು ದಿನ ತೇವ 60ರ ಹತ್ತಿರ, ಆಮೇಲೆ 50. ಹುಳುವಿಗೆ ಇಟ್ಟ ಹಾಗೆ 75-80 ಇಟ್ಟರೆ ಬೂಷ್ಟು ಗ್ಯಾರಂಟಿ. ಒಳಗೆ 28-29 ಡಿಗ್ರಿ ಮೀರಲು ಬಿಡಲ್ಲ. ಗಾಳಿ ನೇರವಾಗಿ ತಾಗದ ಹಾಗೆ ಒಂದು ಫ್ಯಾನು ನಿಧಾನಕ್ಕೆ. ರಾತ್ರಿ ಯಾವ ಕಿಟಕಿ ಯಾವಾಗ ತೆಗೆಯೋದು ಅನ್ನೋದರಲ್ಲಿ ಒಂದು ಲೆಕ್ಕ ಇದೆ. ಅದನ್ನ ಇಲ್ಲಿ ಬರೆಯಲ್ಲ, ಎರಡು ಬೇಸಿಗೆ ನಿದ್ದೆಗೆಟ್ಟು ಕಲಿತಿದ್ದು.

ಎಂಟೊಂಬತ್ತು ದಿನಕ್ಕೆ ಸಣ್ಣ ಕಡ್ಡಿ ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ದಪ್ಪ ಕಡ್ಡಿ ಇನ್ನೂ ಬಗ್ಗುತ್ತಿರುತ್ತೆ. ಆಗ ಎಲೆ ಬಿಡಿಸೋದು. 300 ಕೆಜಿ ಹಸಿಗೆ 35-38 ಕೆಜಿ ಎಲೆ ಸಿಗುತ್ತೆ. ಕಡ್ಡಿಯನ್ನು ಬಚ್ಚಲೊಲೆಗೆ ಹಾಕೋಣ ಅಂದರೆ ಅಮ್ಮ ಬಿಡಲಿಲ್ಲ, ತೆಂಗಿನ ಬುಡಕ್ಕೆ ಹೋಯ್ತು.

ಇಲ್ಲಿಗೆ ಮುಗಿದಿಲ್ಲ. ಎಲ್ಲರೂ ಇಲ್ಲೇ ಚೀಲಕ್ಕೆ ತುಂಬಿ ಕೆಡಿಸಿಕೊಳ್ಳೋದು. ನಾನು ರಿಂಗ್ ಮುಚ್ಚಳದ 200 ಲೀಟರ್ ಡ್ರಮ್ ಎಂಟು ತಂದೆ, ಸೆಕೆಂಡ್ ಹ್ಯಾಂಡ್, ತಲಾ 900 ಚಿಲ್ಲರೆ. ಒಂದರಲ್ಲಿ ಮಾವಿನ ಉಪ್ಪಿನಕಾಯಿ ವಾಸನೆ ಏನು ಮಾಡಿದರೂ ಹೋಗಲಿಲ್ಲ, ಅದು ಈಗ ದನದ ನೀರಿಗೆ. ಡ್ರಮ್ಮನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿಸಿ, ಒಳಗೆ 300 ರೂಪಾಯಿಯ ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ತೇವ ಅಳೆಯೋ ಮೀಟರ್) ಇಡುತ್ತೇನೆ. ಅದನ್ನ ನಂಬೋ ಮುಂಚೆ ಒಂದು ಕೆಲಸ. ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕಲಸಿ, ಮೀಟರ್ ಜೊತೆ ಒಂದು ಡಬ್ಬಿಯಲ್ಲಿ ಮುಚ್ಚಿಡಿ. ಮಾರನೇ ದಿನ 75 ತೋರಿಸಬೇಕು. ನನ್ನ ಒಂದು ಮೀಟರ್ 66 ತೋರಿಸಿತು. ಅದರ ಮಾತು ಕೇಳಿದ್ದರೆ ಮತ್ತೆ ಬೂಷ್ಟೇ.

ಡ್ರಮ್ಮೊಳಗೆ 65 ದಾಟಿದರೆ ಎಲೆಯನ್ನು ಅರ್ಧ ದಿನ ಹೊರಗೆ ಹರಡುತ್ತೇನೆ. 55-58 ಇದ್ದರೆ ಸರಿ. ಮೊದಲ ವಾರ ದಿನಕ್ಕೊಂದು ಸಲ ಹತ್ತು ನಿಮಿಷ ಮುಚ್ಚಳ ತೆಗೆದು ಕೈಯಾಡಿಸೋದು, ಎರಡನೇ ವಾರ ದಿನ ಬಿಟ್ಟು ದಿನ, ಮೂರನೇ ವಾರ ಒಂದೆರಡು ಸಲ. ಬೆಳಗಿನ ಜಾವ ಮಾತ್ರ ತೆಗೆಯಿರಿ. ಮಧ್ಯಾಹ್ನ ತೆಗೆದರೆ ನಮ್ಮ ಗಾಳಿ ಒಳಗಿನ ಹದವನ್ನೆಲ್ಲಾ ಹೀರಿಬಿಡುತ್ತೆ, ಎಲೆ ಪುಡಿ ಆಗುತ್ತೆ. ಮೊದಲ ನಾಲ್ಕು ದಿನ ಹಸಿ ಹುಲ್ಲಿನ ವಾಸನೆ ಇರುತ್ತೆ, ಹೆದರಬೇಡಿ. ಹತ್ತನೇ ದಿನದ ಹೊತ್ತಿಗೆ ಅದು ಹೋಗಿ ಲವಂಗದ ಘಮ ಬರುತ್ತೆ. ಲವಂಗದಲ್ಲೂ ತುಳಸಿಯಲ್ಲೂ ಇರೋದು ಅದೇ ಯೂಜಿನಾಲ್, ಅಣ್ಣನ ಮೂಗು ತಪ್ಪು ಹೇಳಿರಲಿಲ್ಲ. ಡ್ರಮ್ಮಿನ ತಳಕ್ಕೆ ನಾನು ಇನ್ನೊಂದು ಹಾಕುತ್ತೇನೆ. ಏನು ಅಂತ ನಮ್ಮನೆಯವಳಿಗೂ ಹೇಳಿಲ್ಲ.

ಇದೇ ಮನೆಯಲ್ಲಿ ಗುಲಾಬಿ ಪಕಳೆ ಒಣಗಿಸಿ ನೋಡಿದೆ. ಬಣ್ಣ ಬಂತು, ಘಮ ಬರಲಿಲ್ಲ. ಮಾರುಕಟ್ಟೆಯ ಗುಲಾಬಿಗೆ ಮೊದಲೇ ಘಮ ಇಲ್ಲ, ಒಣಗಿಸಿದರೆ ಎಲ್ಲಿಂದ ಬರಬೇಕು. ಪುದೀನ ಚೆನ್ನಾಗಿ ಬಂತು, ಆದರೆ ತೂಕವೇ ನಿಲ್ಲಲ್ಲ, ಕೂಲಿ ಕೈಕಚ್ಚುತ್ತೆ. ದವನ ಬೇರೆಯವರಿಗಾಗಿ ಒಂದು ವಾರ ಬಾಡಿಸಿ ಕೊಟ್ಟೆ, ಎಣ್ಣೆ ತೆಗೆಯೋರಿಗೆ ಅಷ್ಟೇ ಸಾಕು. ನಿಜವಾಗಿ ದುಡ್ಡು ಕೊಟ್ಟ ಪ್ರಯೋಗ ಅಂದರೆ ಉತ್ಥಾನ ದ್ವಾದಶಿಗೆ ಕುಂಡದಲ್ಲಿ ಇಟ್ಟ 300 ಸಸಿ. ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ ಒಂದು 30 ರೂಪಾಯಿಯ ಹಾಗೆ ಮಧ್ಯಾಹ್ನದೊಳಗೆ ಖಾಲಿ. ಒಣಗಿಸೋದೂ ಇಲ್ಲ, ಮೂಸೋದೂ ಇಲ್ಲ.

ಎರಡನೇ ವರ್ಷದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೂರು ಕೊಯ್ಲು ಸೇರಿ ಎಲೆ 280 ಕೆಜಿ ಆಸುಪಾಸು. ಕಷಾಯ ಪುಡಿ ಮಾಡೋ ಬೆಂಗಳೂರಿನ ಮೇಡಂ ಒಬ್ಬರು ಮೊದಲು 5 ಕೆಜಿ ಸ್ಯಾಂಪಲ್ ತೆಗೆದುಕೊಂಡರು. ಆಮೇಲೆ ಎಲ್ಲವನ್ನೂ 240ರ ಹಾಗೆ ಕೊಂಡರು. ಕದಿರು ಬೇರೆ, 40 ಕೆಜಿ ಇದ್ದಿರಬೇಕು, 400ರ ಲೆಕ್ಕ. ಒಟ್ಟು 83,000 ಹತ್ತಿರ. ಖರ್ಚು ಡ್ರಮ್ಮೂ ಸೇರಿ 48,000, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆ ಬಿಡಿಸೋ ಕೂಲಿ. ಒಳ್ಳೇ ಬೆಳೆ ಬಂದ ವರ್ಷ ಹುಳುವಿನಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ತುಳಸಿಗೆ ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕಬೇಕಿಲ್ಲ.

ಜುಲೈ ಕೊಯ್ಲು ಒಣಗಿಸೋದು ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಮೋಡ ಕವಿದರೆ ಮನೆಯೊಳಗೆ ತೇವ ತಾನಾಗೇ 70 ದಾಟುತ್ತೆ, ಆಗ ಗೋಣಿ ಕೆಲಸಕ್ಕೆ ಬರಲ್ಲ. ಹೋದ ವರ್ಷ ಚಾಕಿ ಮನೆಯ, ಅಂದರೆ ಮರಿ ಹುಳು ಸಾಕೋ ಮನೆಯ, ಹೀಟರ್ ಹಾಕಿ ಹೇಗೋ ದಾಟಿಸಿದೆ, ಕರೆಂಟ್ ಬಿಲ್ಲು ನೋಡಿ ಎದೆ ಧಸಕ್ ಅಂತು. ಈ ಸಲ ಜುಲೈದನ್ನು ಒಣಗಿಸದೆ ಬೀಜಕ್ಕೆ ಬಿಡೋಣ ಅಂತಿದ್ದೇನೆ. ಅಣ್ಣ 5 ಗುಂಟೆ ತುಳಸಿ ಹಾಕಿದ್ದಾನೆ, ಅವನಿಗೂ ಬೀಜ ಬೇಕಂತೆ. ಎರಡು ಡ್ರಮ್ಮೂ ಕೇಳಿದ್ದಾನೆ. ಉಪ್ಪಿನಕಾಯಿದು ಖಾಲಿ ಇದೆ ಅಂದೆ.