ಫ್ಯೂನರಲ್ ಹೋಮ್ ಲೆಡ್ಜರಿನಲ್ಲಿ ವಂಶದ ಜಾಡು ಹಿಡಿಯುವುದು

ಅಮೆರಿಕದಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮ್‌ಗಳು ಬಹುಪಾಲು ಖಾಸಗಿ ವ್ಯಾಪಾರಗಳು. ಅವು ಇಟ್ಟ ಹಳೆಯ ದಾಖಲೆ ಮೂಲತಃ ಲೆಡ್ಜರ್, ಅಂದರೆ ಲೆಕ್ಕದ ಪುಸ್ತಕ: ಸತ್ತವರು ಯಾರು, ಶವ ಎಲ್ಲಿಗೆ ಹೋಯಿತು, ದುಡ್ಡು ಕೊಟ್ಟವರು ಯಾರು. ಅದನ್ನು ಲೆಕ್ಕದ ಪುಸ್ತಕವಾಗಿಯೇ ಓದಬೇಕು. ಸರ್ಕಾರಿ ಕಾಗದಗಳಲ್ಲಿ ಕಾಣದ ನೆಂಟಸ್ತನ ಎಷ್ಟೋ ಸಲ ಸಿಗುವುದು ದುಡ್ಡಿನ ಕಾಲಮ್ಮಿನಲ್ಲಿ.

ನಿಮ್ಮ ಹಿರಿಯರ ಅಂತ್ಯಕ್ರಿಯೆ ನಡೆಸಿದ್ದು ಯಾವ ಹೋಮ್ ಎಂದು ಮೊದಲು ತಿಳಿಯಬೇಕು. ಮರಣ ಪ್ರಮಾಣಪತ್ರದಲ್ಲಿ ಅಂತ್ಯಕ್ರಿಯೆ ನಡೆಸಿದವರ, ಅಂದರೆ ಅಂಡರ್‌ಟೇಕರ್ ಅಥವಾ ಫ್ಯೂನರಲ್ ಡೈರೆಕ್ಟರ್ ಹೆಸರು ಸಾಮಾನ್ಯವಾಗಿ ಇರುತ್ತದೆ. ರಾಷ್ಟ್ರೀಯ ಮರಣ ನೋಂದಣಿ ವ್ಯವಸ್ಥೆಯೊಳಗೆ ಎಲ್ಲ ರಾಜ್ಯಗಳೂ ಬಂದದ್ದು 1933ರಲ್ಲಿ. ಅದಕ್ಕೂ ಹಿಂದಿನವರ ಪ್ರಮಾಣಪತ್ರ ಸಿಗದಿದ್ದರೆ ಪತ್ರಿಕೆಯ ಮರಣವಾರ್ತೆ, ಸ್ಮಶಾನದ ರಿಜಿಸ್ಟರ್ ನೋಡಿ. ವರ್ಣಭೇದದ ಕಾಲದ ಆಫ್ರಿಕನ್ ಅಮೆರಿಕನ್ ಕುಟುಂಬವಾದರೆ ಆ ಸಮುದಾಯದವರೇ ನಡೆಸುತ್ತಿದ್ದ ಹೋಮ್‌ಗಳನ್ನು ಮೊದಲು ವಿಚಾರಿಸಿ. ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನ ಜೆ.ಎಫ್. ಬೆಲ್ ಫ್ಯೂನರಲ್ ಹೋಮಿನ ಹಳೆಯ ದಾಖಲೆಗಳು ಡಿಜಿಟಲ್ ರೂಪದಲ್ಲೇ ಇವೆ.

ಹೋಮ್ ಮುಚ್ಚಿದ್ದರೂ ಕೈಬಿಡಬೇಡಿ. ಊರಿನ ನಿವಾಸಿಗಳ, ವ್ಯಾಪಾರಗಳ ಹೆಸರು-ವಿಳಾಸ ಪಟ್ಟಿಯಾದ ಹಳೆಯ ಸಿಟಿ ಡೈರೆಕ್ಟರಿಗಳನ್ನು ವರ್ಷದಿಂದ ವರ್ಷಕ್ಕೆ ತಿರುವಿದರೆ ವ್ಯಾಪಾರ ಯಾರ ಕೈಗೆ ಹೋಯಿತೆಂದು ಗೊತ್ತಾಗುತ್ತದೆ. ಲೆಡ್ಜರುಗಳೂ ಸಾಮಾನ್ಯವಾಗಿ ಅವರ ಜೊತೆಗೇ ಹೋಗಿರುತ್ತವೆ. ಇಲ್ಲವಾದರೆ ಊರಿನ ಲೈಬ್ರರಿ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಇತಿಹಾಸ ಸಂಘವನ್ನು ಕೇಳಿ. ವಂಶಾವಳಿ ಹುಡುಕುವ ಉಚಿತ ಜಾಲತಾಣ ಫ್ಯಾಮಿಲಿಸರ್ಚ್‌ನ ಕ್ಯಾಟಲಾಗಿನಲ್ಲಿ ಊರು ಮತ್ತು ಕೌಂಟಿ ಎರಡರ ಅಡಿಯಲ್ಲೂ ಹುಡುಕಿ. ಹತ್ತೊಂಬತ್ತನೇ ಶತಮಾನದಲ್ಲಿ ಪೀಠೋಪಕರಣ ಮಾಡುವವರೇ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದರು; ಹಾಗಾಗಿ ದಾಖಲೆ ಪೀಠೋಪಕರಣದ ಅಂಗಡಿಯ ಹೆಸರಿನಲ್ಲೂ ಇರಬಹುದು.

ಈಗ ಕೇಳುವ ಬಗೆ. ದಾಖಲೆ ತೋರಿಸಲೇಬೇಕೆಂದು ಖಾಸಗಿ ಹೋಮ್ ಅನ್ನು ಒತ್ತಾಯಿಸುವಂತಿಲ್ಲ, ಅವರು ತೋರಿಸಿದರೆ ಅದು ಉಪಕಾರ. ಸಾವಿನ ಮನೆಯವರನ್ನು ನೋಡಿಕೊಳ್ಳುವ ಜಾಗವದು. ಫೋನಿಗಿಂತ ಪತ್ರ ಅಥವಾ ಇಮೇಲ್ ಮೇಲು, ಬಿಡುವಾದಾಗ ನೋಡುತ್ತಾರೆ. ಪೂರ್ತಿ ಹೆಸರು, ಸತ್ತ ದಿನಾಂಕ, ಊರು, ನಿಮಗೇನು ಸಂಬಂಧ ಎಂಬುದನ್ನು ಬರೆಯಿರಿ. ಒಂದು ಪತ್ರದಲ್ಲಿ ಒಬ್ಬರದೋ ಇಬ್ಬರದೋ ವಿವರ ಸಾಕು. ಪ್ರತಿಯ ಖರ್ಚು ಕೊಡುವುದಾಗಿ ತಿಳಿಸಿ. ಪತ್ರ ಕಳಿಸುವುದಾದರೆ ನಿಮ್ಮ ವಿಳಾಸ ಬರೆದ, ಸ್ಟಾಂಪು ಹಚ್ಚಿದ ಲಕೋಟೆಯನ್ನೂ ಇಡಿ. ಹೆಚ್ಚಿನ ಹಳೆಯ ಲೆಡ್ಜರುಗಳು ದಿನಾಂಕದ ಕ್ರಮದಲ್ಲಿರುತ್ತವೆ. ದಿನಾಂಕವೇ ಇಲ್ಲದೆ "ನಮ್ಮ ಮನೆತನದವರ ದಾಖಲೆಯೆಲ್ಲ ಬೇಕು" ಎಂದರೆ ಉತ್ತರ ಬರುವುದು ಕಷ್ಟ.

ಪುಟ ಕೈಗೆ ಬಂದ ಮೇಲೆ ಬಿಲ್ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಮದುವೆಯಾದ ಮಗಳು ಕೊಟ್ಟಿದ್ದರೆ ಅವಳ ಗಂಡನ ಮನೆಯ ಹೆಸರು, ಕೆಲವೊಮ್ಮೆ ವಿಳಾಸವೂ ಅಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ಕಾಣೆಯಾಗಿದ್ದವಳನ್ನು ಜನಗಣತಿಯಲ್ಲಿ ಹುಡುಕಲು ಇಷ್ಟು ಸಾಕು. ಕೌಂಟಿ ಕೊಟ್ಟಿದ್ದರೆ ಬಡವರ ನೆರವಿನ ಕಡತ ಕೇಳಿ. ವಿಮಾ ಕಂಪನಿ ಅಥವಾ ಮೇಸನ್, ಆಡ್ ಫೆಲೋಸ್‌ನಂಥ ಸದಸ್ಯರ ಸೋದರ ಸಂಘದ ಲಾಡ್ಜ್ (ಸ್ಥಳೀಯ ಶಾಖೆ) ಕೊಟ್ಟಿದ್ದರೆ ಅಲ್ಲಿ ಸದಸ್ಯತ್ವದ ದಾಖಲೆ ಉಳಿದಿರಬಹುದು. ಹೆಗಲು ಕೊಟ್ಟವರ ಪಟ್ಟಿಯಿದ್ದರೆ ಪ್ರತಿ ಹೆಸರನ್ನೂ ಪರಿಶೀಲಿಸಿ, ಅಳಿಯಂದಿರು, ಸೋದರಳಿಯಂದಿರು ಅದರಲ್ಲಿ ಸೇರಿರುವುದು ಮಾಮೂಲು. ಎಳೆಯ ಕೂಸಿನ ಹೆಸರು ಎಷ್ಟೋ ಕಡೆ ಇರುವುದಿಲ್ಲ, 'ಇಂಥವರ ಶಿಶು' ಎಂದಷ್ಟೇ ಇರುತ್ತದೆ. ಆದ್ದರಿಂದ ತಂದೆಯ ಹೆಸರಿನಲ್ಲೂ ಹುಡುಕಿ.

ತಪ್ಪಾಗುವುದು ಹೆಚ್ಚಾಗಿ ದಿನಾಂಕದಲ್ಲಿ. ಪುಟದ ಮೇಲಿನ ದಿನಾಂಕ ಸಾವಿನದ್ದಾಗಿರಬಹುದು, ಅಂತ್ಯಕ್ರಿಯೆಯದ್ದಾಗಿರಬಹುದು, ಬರೀ ಬಿಲ್ ಬರೆದ ದಿನವೂ ಆಗಿರಬಹುದು. ಹಿಂದುಮುಂದಿನ ನಮೂದುಗಳನ್ನು ನೋಡಿದರೆ ಆ ಗುಮಾಸ್ತರ ರೂಢಿ ತಿಳಿಯುತ್ತದೆ. ಹೋಮ್ ಸ್ವತಃ ಮಾಡಿದ ಕೆಲಸದ ವಿವರ, ಅಂದರೆ ಹೂಳಿದ ದಿನ, ಸ್ಮಶಾನ, ಖರ್ಚು, ಬಹುಮಟ್ಟಿಗೆ ನಂಬಬಹುದು. ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಹಾಗಲ್ಲ. ದುಃಖದಲ್ಲಿದ್ದ ಯಾರೋ ನೆನಪಿನಿಂದ ಹೇಳಿದ್ದು. ಮಾಹಿತಿ ಕೊಟ್ಟವರ ಹೆಸರಿದ್ದರೆ ಅವರಿಗೆ ಅದು ಗೊತ್ತಿರಲು ಸಾಧ್ಯವಿತ್ತೇ ಎಂದು ಯೋಚಿಸಿ, ಜನನ ದಾಖಲೆ ಅಥವಾ ಚರ್ಚಿನ ದಾಖಲೆಯೊಡನೆ ಹೋಲಿಸಿ. ಪ್ರಮಾಣಪತ್ರದೊಡನೆ ಹೋಲಿಸಿದರೆ ಸಾಲದು, ಅದನ್ನು ಭರ್ತಿ ಮಾಡಿದ್ದೂ ಸಾಮಾನ್ಯವಾಗಿ ಅದೇ ಹೋಮ್, ಅದೇ ಮಾಹಿತಿಯಿಂದ.

ಶವವನ್ನು ರೈಲಿನಲ್ಲಿ ಸಾಗಿಸಿದ ಖರ್ಚು ಕಂಡರೆ ಇನ್ನೊಂದು ಊರಿನಲ್ಲೂ ಹುಡುಕಬೇಕು. ಸತ್ತ ಊರಿನ ಹೋಮ್ ಶವವನ್ನು ಸಿದ್ಧಮಾಡಿ ಕಳಿಸುತ್ತಿತ್ತು, ಹೂಳಿದ ಊರಿನ ಹೋಮ್ ಉಳಿದದ್ದನ್ನು ಮಾಡುತ್ತಿತ್ತು. ಕುಟುಂಬದವರ ವಿವರ ಎರಡನೆಯದರಲ್ಲೇ ಹೆಚ್ಚು ಸಿಗುವ ಸಂಭವವಿದೆ.