ವೃದ್ಧ ಮಾಜಿ ಸೈನಿಕರು ಮತ್ತು ಅವರ ವಿಧವೆಯರ ಆರೈಕೆ: ಹಣಕಾಸಿನ ನೆರವು ಪಡೆಯುವ ಬಗೆ

ಹಾಸಿಗೆ ಹಿಡಿದ ಮಾಜಿ ಸೈನಿಕರನ್ನಾಗಲಿ ಅವರ ವಿಧವೆಯನ್ನಾಗಲಿ ವರ್ಷಗಟ್ಟಲೆ ನೋಡಿಕೊಳ್ಳುವ ವೆಚ್ಚವನ್ನು ಪೂರ್ತಿಯಾಗಿ ಭರಿಸುವ ಒಂದೇ ಯೋಜನೆ ನಮ್ಮ ದೇಶದಲ್ಲಿಲ್ಲ. ಇರುವ ನೆರವುಗಳು ಬೇರೆ ಬೇರೆ ಕಡೆ ಹಂಚಿಹೋಗಿದ್ದು, ಅವನ್ನು ಕುಟುಂಬದವರೇ ಒಂದೊಂದಾಗಿ ಕೇಳಿ ಪಡೆಯಬೇಕಾಗುತ್ತದೆ.

ಮೊದಲು ಪಿಂಚಣಿ ಪಾವತಿ ಆದೇಶವನ್ನು, ಅಂದರೆ ಪಿಪಿಒವನ್ನು ತೆಗೆದು ಓದಿ. ಪತ್ನಿಯ ಹೆಸರು ಮತ್ತು ಜನ್ಮದಿನಾಂಕ ಅದರಲ್ಲಿ ನಮೂದಾಗಿವೆಯೇ, ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಊರಿನಲ್ಲಿ ಲಕ್ಷ್ಮಮ್ಮ ಎಂದೇ ಬದುಕಿದವರು ಸೇನಾ ದಾಖಲೆಯಲ್ಲಿ ಲಕ್ಷ್ಮೀದೇವಿ ಆಗಿದ್ದರೆ, ಪತಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಮಂಜೂರಾಗುವುದು ತಡವಾಗುತ್ತದೆ. ಈ ತಿದ್ದುಪಡಿಯನ್ನು ಪತಿ ಬದುಕಿರುವಾಗಲೇ, ಅವರ ಸೇವಾ ದಾಖಲೆಗಳನ್ನು ಇಟ್ಟುಕೊಂಡಿರುವ ಸೇನೆಯ ರೆಕಾರ್ಡ್ಸ್ ಕಚೇರಿಗೆ ಬರೆದು ಮಾಡಿಸಿಕೊಳ್ಳುವುದು ಒಳಿತು.

ಜನ್ಮದಿನಾಂಕಕ್ಕೆ ಇನ್ನೊಂದು ಕಾರಣದಿಂದಲೂ ಬೆಲೆಯಿದೆ. ಪಿಂಚಣಿದಾರರಿಗೂ ಕುಟುಂಬ ಪಿಂಚಣಿದಾರರಿಗೂ 80 ವರ್ಷ ತುಂಬಿದ ತಿಂಗಳಿನಿಂದ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಮೊತ್ತ ಸೇರುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, 100ಕ್ಕೆ ಶೇ 100. ಮೂಲ ಕುಟುಂಬ ಪಿಂಚಣಿ 9,000 ರೂಪಾಯಿ ಇದ್ದರೆ 80ರಲ್ಲಿ 1,800 ರೂಪಾಯಿಯೂ ಅದರ ಮೇಲಿನ ತುಟ್ಟಿಭತ್ಯೆಯೂ ಕೂಡುತ್ತವೆ. ವಯಸ್ಸಿನ ದಾಖಲೆಯೇ ಇಲ್ಲದಿದ್ದರೆ ಈ ಹಣ ತಾನಾಗಿ ಬರುವುದಿಲ್ಲ. ಪಾನ್ ಕಾರ್ಡ್, ಪಾಸ್‌ಪೋರ್ಟ್‌ನಂಥ ಪುರಾವೆಯೊಂದಿಗೆ ರಕ್ಷಣಾ ಪಿಂಚಣಿಗಳ ಸ್ಪರ್ಶ್ ಪೋರ್ಟಲ್‌ನಲ್ಲಿ, ಅಥವಾ ಪಿಂಚಣಿ ಇನ್ನೂ ಬ್ಯಾಂಕ್ ಮೂಲಕವೇ ಬರುತ್ತಿದ್ದರೆ ಅಲ್ಲಿ, ಅರ್ಜಿ ಕೊಡಬೇಕು.

ಸೇವೆಯಿಂದ ಉಂಟಾದ ಶೇ 100ರ ಅಂಗವೈಕಲ್ಯಕ್ಕೆ ಪಿಂಚಣಿ ಪಡೆಯುತ್ತಿರುವವರಿಗೆ, ಸದಾ ಒಬ್ಬರ ನೆರವು ಬೇಕೆಂದು ವೈದ್ಯಕೀಯ ಮಂಡಳಿ ಶಿಫಾರಸು ಮಾಡಿದರೆ, ಪರಿಚಾರಕರಿಗಾಗಿಯೇ ಪ್ರತ್ಯೇಕ ಮಾಸಿಕ ಭತ್ಯೆಯಿದೆ. ಬರಿಯ ಮುಪ್ಪಿನ ನಿಶ್ಶಕ್ತಿಗೆ ಅದು ಅನ್ವಯಿಸುವುದಿಲ್ಲ.

2003ರಲ್ಲಿ ಆರಂಭವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಆಸ್ಪತ್ರೆ ಮತ್ತು ಔಷಧದ ಹೊರೆಯನ್ನು ದೊಡ್ಡ ಮಟ್ಟದಲ್ಲಿ ಇಳಿಸುತ್ತದೆ. ಆದರೆ ಅದು ಚಿಕಿತ್ಸೆಯ ಯೋಜನೆ. ಮನೆಯಲ್ಲಿ ಹಗಲಿರುಳು ನೋಡಿಕೊಳ್ಳುವವರ ಸಂಬಳವನ್ನು ಅದರಿಂದ ನಿರೀಕ್ಷಿಸಿ ಲೆಕ್ಕ ಹಾಕಬೇಡಿ.

ನನ್ನ ಮಟ್ಟಿಗೆ ಹೆಚ್ಚು ಕಾಳಜಿ ಬೇಕಾದವರು ಪಿಂಚಣಿಯೇ ಇಲ್ಲದವರು. ಕೆಲವೇ ವರ್ಷ ಸೇವೆ ಮಾಡಿ ಬಿಡುಗಡೆ ಹೊಂದಿದ, ಹವಾಲ್ದಾರ್ ಅಥವಾ ಅದಕ್ಕೆ ಸಮಾನವಾದ ದರ್ಜೆಯವರೆಗಿನ, 65 ದಾಟಿದ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯುರಿ ಗ್ರಾಂಟ್, ಅಂದರೆ ಕಡುಬಡವರಿಗೆ ಕೊಡುವ ನೆರವು ಇದೆ. ತಿಂಗಳಿಗೆ 4,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ರೂಪಾಯಿಗೆ ಏರಿಸಲಾಗಿದೆ. ಡಿಸ್ಚಾರ್ಜ್ ಬುಕ್, ಗುರುತಿನ ಚೀಟಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲಿಕೆಯಾದರೂ ಈ ಕಚೇರಿಯ ಪರಿಶೀಲನೆ ಮತ್ತು ಶಿಫಾರಸು ಬೇಕೇ ಬೇಕು.

ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ನವೆಂಬರ್‌ವರೆಗೆ ಕಾಯದೆ ಅಕ್ಟೋಬರ್ 1ರಿಂದಲೇ ಅದನ್ನು ಸಲ್ಲಿಸಬಹುದು. ನಡೆಯಲಾಗದವರನ್ನು ಆಟೊದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಕರೆದೊಯ್ಯುವ ಅಗತ್ಯವಿಲ್ಲ. ಮನೆಯವರ ಮೊಬೈಲ್‌ನಲ್ಲೇ ಮುಖ ಗುರುತಿಸುವ ಜೀವನ್ ಪ್ರಮಾಣ್ ಆ್ಯಪ್ ಮೂಲಕ, ಮಲಗಿದ ಕೋಣೆಯ ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ಅದನ್ನು ಮುಗಿಸಬಹುದು.